ಹಾಜರಿ ಇದೆ, ಬಟವಾಡೆ ಇಲ್ಲ

ನಮ್ಮ ಮನೆಯ ಕಪಾಟಿನಲ್ಲಿ, ಹಳೇ ಪಂಚಾಂಗಗಳ ಪಕ್ಕ, ಒಂದು ತೆಳ್ಳಗಿನ ಇಂಗ್ಲಿಷ್ ಪುಸ್ತಕ ಇದೆ. ಬೆಲೆ ಕೇಳಿದರೆ ನಗುತ್ತೀರಿ. 2011ರಲ್ಲಿ ಅದಕ್ಕೆ ಎರಡು ಸಾವಿರದ ಏಳುನೂರು ರೂಪಾಯಿ ಕೊಟ್ಟಿದ್ದೆ. ತೊಂಬತ್ತು ಚಿಲ್ಲರೆ ಪುಟ. ಮುಖಪುಟದಲ್ಲಿ ಸಮುದ್ರದ ದಂಡೆ, ಎರಡು ತೆಂಗಿನ ಮರ. ಪುಸ್ತಕ ಇರುವುದು ಬಾಬಾಬುಡನ್‌ಗಿರಿಯ ಬಗ್ಗೆ.

ಚಿಕ್ಕಮಗಳೂರಲ್ಲಿ ಹುಟ್ಟಿ ಬೆಳೆದವನಿಗೆ ಆ ತೆಂಗಿನ ಮರ ನೋಡಿದ ಕೂಡಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಅಪ್ಪನಿಗೆ ಆ ವರ್ಷ ಎಪ್ಪತ್ತು ತುಂಬುತ್ತಿತ್ತು. ಪಂಚೆ ಶಲ್ಯ ಎಲ್ಲರೂ ಕೊಡುತ್ತಾರೆ, ನಾನೊಂದು ಪುಸ್ತಕ ಕೊಡೋಣ ಅಂತ ಆನ್‌ಲೈನ್‌ನಲ್ಲಿ ಹುಡುಕುತ್ತಾ ಕೂತಿದ್ದೆ. ನಮ್ಮ ಗಿರಿಯ ಹೆಸರಿನಲ್ಲೇ ಒಂದು ಇಂಗ್ಲಿಷ್ ಪುಸ್ತಕ ಕಂಡಿತು. ಮೂವರು ಸಂಪಾದಕರ ಹೆಸರು ಬೇರೆ ಇತ್ತು. ಮೂವರು ಸೇರಿ ನಮ್ಮ ಬೆಟ್ಟದ ಬಗ್ಗೆ ಬರೆದಿದ್ದಾರೆ ಅಂದರೆ ಸುಮ್ನೆ ಮಾತಾ ಅಂದುಕೊಂಡು ದುಡ್ಡು ಕಟ್ಟಿದೆ.

ಅಪ್ಪನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಅವರು ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದವರು. ಘಟ್ಟದ ಆಚೆಯ ಓದುಗರಿಗೆ ಒಂದು ಮಾತು. ನಮ್ಮ ಕಡೆ 'ರೈಟ್ರು' ಅಂದರೆ ಕತೆ ಕಾದಂಬರಿ ಬರೆಯುವವರಲ್ಲ. ತೋಟದ ಲೆಕ್ಕ ಬರೆಯುವವರು. ಬೆಳಗ್ಗೆ ಆಳುಗಳ ಹಾಜರಿ ಹಿಡಿದು ಚೆಕ್‌ರೋಲ್‌ಗೆ ಏರಿಸಬೇಕು. ಹಣ್ಣು ಕೊಯ್ಲಿನಲ್ಲಿ ಯಾರು ಎಷ್ಟು ಕೆಜಿ ಅಳೆದರು ಅಂತ ಬರೆಯಬೇಕು. ಬಟವಾಡೆ ದಿನ ಹೆಸರು ಕೂಗಿ ಕೂಲಿ ಎಣಿಸಿ ಕೊಡಬೇಕು. ಇದೆಲ್ಲದರ ಜೊತೆಗೆ ಬೆಳಗ್ಗೆ ಎಂಟು ಗಂಟೆಗೆ ಮಳೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಎಷ್ಟು ಇಂಚು, ಎಷ್ಟು ಸೆಂಟ್ ಅಂತ ಬರೆದಿಡಬೇಕು. ದೇಶಕ್ಕೆಲ್ಲ ಮಿಲಿಮೀಟರ್ ಬಂದು ಎಷ್ಟೋ ಕಾಲವಾಯಿತು. ಕಾಫಿ ತೋಟದಲ್ಲಿ ಮಳೆ ಇನ್ನೂ ಇಂಚು ಸೆಂಟಲ್ಲೇ ಬೀಳುತ್ತದೆ. ನೂರು ಸೆಂಟಿಗೆ ಒಂದು ಇಂಚು.

ಇಂಥ ಮನುಷ್ಯನ ಕೈಗೆ ಆ ಪುಸ್ತಕ ಕೊಟ್ಟೆ. ಅವರು ಮೊದಲು ಮಾಡಿದ ಕೆಲಸ ಅಂದರೆ ಹಿಂದಿನ ಪುಟದಿಂದ ತಿರುವಿದ್ದು. ರೈಟರ್‌ಗಳ ಅಭ್ಯಾಸ ಅದು. ಮೊತ್ತ ಯಾವಾಗಲೂ ಹಿಂದೆ ಇರುತ್ತದೆ.

ನಾನು ಅಷ್ಟರಲ್ಲಿ ಅವರ ಭುಜದ ಮೇಲಿಂದ ನೋಡುತ್ತಿದ್ದೆ. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಈ ಅಕ್ಷರ, ಈ ಪಟ್ಟಿ, ಈ ಚೌಕ ಕಂಸದೊಳಗಿನ ಸಣ್ಣ ಸಣ್ಣ ಅಂಕಿ, ಎಲ್ಲ ಎಲ್ಲೋ ನೋಡಿದ್ದೇನೆ ಅನ್ನಿಸಿತು. ನೋಡಿರದೆ ಏನು! ಅದು ವಿಕಿಪೀಡಿಯ. ಮೊದಲ ಪುಟದಿಂದ ಕೊನೆಯ ಪುಟದ ತನಕ ಬರೀ ವಿಕಿಪೀಡಿಯ. ಮೊದಲು ಬಾಬಾಬುಡನ್‌ಗಿರಿಯ ಲೇಖನ, ಮೂರು ಪುಟ. ಆಮೇಲೆ ಚಿಕ್ಕಮಗಳೂರು ಜಿಲ್ಲೆ. ಆಮೇಲೆ ಪಶ್ಚಿಮ ಘಟ್ಟ, ಕಾಫಿ, ಯೆಮೆನ್, ಮೋಚಾ ಬಂದರು, ಕೆಫೀನ್. ಲೇಖನದಲ್ಲಿ ನೀಲಿ ಬಣ್ಣದ ಪದ ಎಲ್ಲಿತ್ತೋ ಆ ಪದ ಹಿಡಿದು ಮುಂದಿನ ಲೇಖನಕ್ಕೆ ಹಾರಿದ್ದಾರೆ. ಹಾರಿದ್ದಾರೆ ಅನ್ನುವುದೂ ತಪ್ಪು. ಮನುಷ್ಯರು ಹಾರಿದ್ದರೆ ಒಂದು ಕಡೆ ಎಡವುತ್ತಿರಲಿಲ್ಲ. ಕಾಫಿ ಬೀಜಕ್ಕೆ ಇಂಗ್ಲಿಷಿನಲ್ಲಿ 'ಬೀನ್' ಅನ್ನುತ್ತಾರಲ್ಲ, ಅದನ್ನು ಹಿಡಿದು ಹೋದ ಯಾವುದೋ ಯಂತ್ರ ಅರವತ್ತನೇ ಪುಟದ ಹತ್ತಿರ ಹುರುಳಿಕಾಯಿಯ ಲೇಖನ ತಂದು ಹಾಕಿತ್ತು. ಕಾಫಿ ಬೀಜಕ್ಕೂ ಹುರುಳಿ ಅವರೆ ಜಾತಿಗೂ ಸಂಬಂಧವೇ ಇಲ್ಲ. ಅದು ಹಣ್ಣಿನೊಳಗಿನ ಬೀಜ. ಆಕಾರ ನೋಡಿ ಯಾರೋ ಬೀನ್ ಅಂದರು, ಹೆಸರು ನಿಂತಿತು.

ನನಗೆ ಸಿಟ್ಟು ಬಂತು. ವಾಪಸ್ ಕಳಿಸೋಣ ಅಂದೆ. ಅಪ್ಪ ಕನ್ನಡಕ ಸರಿ ಮಾಡಿಕೊಂಡು, "ಇರಲಿ ಬಿಡು, ಬಂದಿದೆಯಲ್ಲ, ಓದುತ್ತೇನೆ" ಅಂದರು. ಓದಿಯೇಬಿಟ್ಟರು. ಹುರುಳಿಕಾಯಿಯನ್ನೂ ಬಿಡಲಿಲ್ಲ.

ಆ ಕಾಲದಲ್ಲಿ ಇಂಥ ಪುಸ್ತಕಗಳ ಒಂದು ದೊಡ್ಡ ಸಂತೆಯೇ ಇತ್ತು ಅಂತ ನನಗೆ ಆಮೇಲೆ ಗೊತ್ತಾಯಿತು. ವ್ಯವಹಾರ ಬಹಳ ಸುಲಭ. ವಿಕಿಪೀಡಿಯದ ಬರಹ ಎಲ್ಲರಿಗೂ ಮುಕ್ತ. ಒಂದು ವಿಷಯ ಆರಿಸಿ, ಅದಕ್ಕೆ ಕೊಂಡಿ ಇರುವ ಲೇಖನಗಳನ್ನು ಗುಡ್ಡೆ ಹಾಕಿ, ಮುಖಪುಟಕ್ಕೆ ಎಲ್ಲಿಯದೋ ಒಂದು ಚಿತ್ರ ಅಂಟಿಸಿ, ಆನ್‌ಲೈನ್ ಅಂಗಡಿಗಳ ಪಟ್ಟಿಗೆ ಸೇರಿಸಿಬಿಟ್ಟರೆ ಆಯಿತು. ಅಚ್ಚು ಹಾಕುವ ಗೋಜೇ ಇಲ್ಲ. ಯಾರಾದರೂ ದುಡ್ಡು ಕಟ್ಟಿದ ಮೇಲೆ ಒಂದೇ ಒಂದು ಪ್ರತಿ ಅಚ್ಚಾಗುತ್ತದೆ. ಹಾಗಾಗಿ ಯಾರೂ ಕೊಳ್ಳದ ಪುಸ್ತಕದಿಂದ ನಷ್ಟವಿಲ್ಲ. ಸಾವಿರಗಟ್ಟಲೆ ಶೀರ್ಷಿಕೆ ಹಾಕಿ ಬಲೆ ಬೀಸಿ ಕೂತರೆ ನನ್ನಂಥ ಮೀನು ಒಂದಾದರೂ ಬೀಳುತ್ತದೆ. ನನ್ನ ಲೆಕ್ಕಕ್ಕೆ ನಮ್ಮ ಪ್ರತಿಯನ್ನು ಲೋಕದಲ್ಲಿ ಮೊದಲು ಓದಿದವರು ನಮ್ಮಪ್ಪ. ಅದನ್ನು ತಯಾರಿಸಿದವರಂತೂ ಓದಿಲ್ಲ.

ಓದುವಾಗ ಅಪ್ಪನ ಕೈಯಲ್ಲಿ ಕೆಂಪು ಪೆನ್ನು ಇರುತ್ತಿತ್ತು. ಒಂದು ಕಡೆ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಮುಂದಿನ ಲೇಖನದಲ್ಲಿ ಅದಕ್ಕಿಂತ ಐದು ಮೀಟರ್ ಕಡಿಮೆ. "ಹತ್ತು ಪುಟದೊಳಗೆ ಬೆಟ್ಟ ಕುಸಿದಿದೆ ಕಣೋ" ಅಂದರು. ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದ ಕತೆ ನಮಗೆಲ್ಲ ಬಾಯಿಪಾಠ. 1670ರ ಸುಮಾರಿಗೆ, ಹಜ್ ಯಾತ್ರೆ ಮುಗಿಸಿ ಬರುವಾಗ, ಮೋಚಾ ಬಂದರಿನಿಂದ ಕದ್ದುಮುಚ್ಚಿ ತಂದರು ಅನ್ನುವ ಪ್ರತೀತಿ. ಆ ಕತೆ ಪುಸ್ತಕದಲ್ಲಿ ನಾಲ್ಕು ಸಲ ಬರುತ್ತದೆ. ಗಿರಿಯ ಲೇಖನದಲ್ಲಿ ಒಂದು, ಜಿಲ್ಲೆಯ ಲೇಖನದಲ್ಲಿ ಒಂದು, ಕಾಫಿಯದರಲ್ಲಿ ಒಂದು, ಮೋಚಾದಲ್ಲಿ ಇನ್ನೊಂದು. ಅಪ್ಪ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗುಣಾಕಾರ ಹಾಕಿದ್ದಾರೆ: 4 × 7 = 28 ಬೀಜ.

ಹೀಗೆ ತಮಾಷೆ ಮಾಡಿಕೊಂಡು ಕೊನೆಯ ಪುಟಗಳಿಗೆ ಬಂದರು. ಅಲ್ಲಿ ಅಕ್ಷರ ಸಾಸಿವೆ ಕಾಳಿನಷ್ಟು. ಪುಟದ ತುಂಬ ಹೆಸರುಗಳು, ಅಲ್ಪವಿರಾಮ, ಮತ್ತೆ ಹೆಸರು. ಕೆಲವು ನಿಜವಾದ ಹೆಸರಿನ ಹಾಗಿವೆ. ಕೆಲವು ಅಡ್ಡಹೆಸರು. ಕೆಲವು ಬರೀ ಅಂಕಿ ಮತ್ತು ಚುಕ್ಕೆ.

"ಇವರೆಲ್ಲ ಯಾರು?" ಅಂದರು.

ಬರೆದವರು ಅಂದೆ. ವಿಕಿಪೀಡಿಯಕ್ಕೆ ಯಾರು ಬೇಕಾದರೂ ಬರೆಯಬಹುದು, ಒಂದು ಅಲ್ಪವಿರಾಮ ತಿದ್ದಿದರೂ ಲೇಖನದ ಇತಿಹಾಸದಲ್ಲಿ ಹೆಸರು ಉಳಿಯುತ್ತದೆ, ಖಾತೆ ತೆರೆಯದೆ ತಿದ್ದಿದವರದ್ದು ಹೀಗೆ ಅಂಕಿಯಾಗಿ ಬರುತ್ತದೆ, ಅಂತೆಲ್ಲ ವಿವರಿಸಿದೆ. ಅಪ್ಪ ಪೆನ್ನಿನ ತುದಿಯಿಂದ ಒಂದೊಂದೇ ಹೆಸರು ಮುಟ್ಟುತ್ತಾ ಹೋದರು. ಚೆಕ್‌ರೋಲ್ ಓದುವಾಗ ಹಾಗೆಯೇ ಮಾಡುತ್ತಿದ್ದರು.

"ಸರಿ. ಇವರಿಗೆಲ್ಲ ಎಷ್ಟು ಕೊಟ್ಟರು?"

ಏನೂ ಇಲ್ಲ ಅಂದೆ.

"ಹಾಜರಿ ಇದೆ, ಬಟವಾಡೆ ಇಲ್ಲ" ಅಂದರು. ಅಂದು ಪುಸ್ತಕ ಮುಚ್ಚಿ ಊಟಕ್ಕೆ ಎದ್ದರು.

ಊಟ ಮಾಡುತ್ತಾ ನಾನು ಪರವಾನಗಿಯ ಮಾತು ತೆಗೆದೆ. ಇದರಲ್ಲಿ ಕಳ್ಳತನ ಇಲ್ಲ. ವಿಕಿಪೀಡಿಯ 2001ರ ಜನವರಿಯಲ್ಲಿ ಶುರುವಾದಾಗಿನಿಂದಲೂ ನಿಯಮ ಹೆಚ್ಚುಕಡಿಮೆ ಇದೇ. ಯಾರು ಬೇಕಾದರೂ ನಕಲು ಮಾಡಬಹುದು, ತಿದ್ದಬಹುದು, ಮಾರಲೂಬಹುದು. ಮೊದಲು ಗ್ನೂ ಅನ್ನುವ ಪರವಾನಗಿ ಇತ್ತು. ಅದರಲ್ಲಿ ಅಚ್ಚು ಹಾಕಿದರೆ ಪರವಾನಗಿಯ ಪೂರ್ತಿ ಪಠ್ಯವನ್ನೂ ಜೊತೆಗೇ ಅಚ್ಚು ಹಾಕಬೇಕಿತ್ತು. 2009ರಲ್ಲಿ ಕ್ರಿಯೇಟಿವ್ ಕಾಮನ್ಸ್‌ಗೆ ಬದಲಾಯಿಸಿದರು. ಈಗ ಎರಡೇ ಮುಖ್ಯ ಷರತ್ತು. ಬರೆದವರಿಗೆ ಶ್ರೇಯ ಕೊಡಬೇಕು. ನೀವು ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಬೇರೆಯವರಿಗೆ ಬಿಟ್ಟುಕೊಡಬೇಕು. ಅಂದರೆ ನನ್ನ ಎರಡು ಸಾವಿರದ ಏಳುನೂರು ರೂಪಾಯಿಯ ಪುಸ್ತಕವನ್ನು ನಾನು ಜೆರಾಕ್ಸ್ ಮಾಡಿಸಿ ಐವತ್ತು ರೂಪಾಯಿಗೆ ಮಾರಿದರೂ ಯಾರೂ ಕೇಳುವ ಹಾಗಿಲ್ಲ!

"ಹಾಗಾದರೆ ಅವರು ಮಾಡಿದ ತಪ್ಪೇನು?" ಅಂದರು ಅಪ್ಪ.

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ವಿಕಿಪೀಡಿಯದಿಂದ ತೆಗೆದದ್ದು ಅಂತ ಪುಸ್ತಕದ ಮೇಲೆ ಸಣ್ಣಕ್ಷರದಲ್ಲಿ ಹಾಕಿದ್ದರು. ಮಾರುವ ಕಡೆ ಅದನ್ನು ಹೇಳಿರಲಿಲ್ಲ. ಅದು ಒಂದು ಮೋಸ, ನಿಜ. ಆದರೆ ದೊಡ್ಡಕ್ಷರದಲ್ಲಿ ಹೇಳಿದ್ದರೆ ಸಮಾಧಾನ ಆಗುತ್ತಿತ್ತಾ? ಇಲ್ಲ. ಮನಸ್ಸಿಗೆ ಚುಚ್ಚಿದ್ದು ಬೇರೆ ಏನೋ. ಅದನ್ನು ಅಪ್ಪನೇ ಹೇಳಿದರು, ಮೊಸರನ್ನ ಕಲಸುತ್ತಾ. "ಆಳು ನೂರು ಜನ ಇದ್ದಾರೆ. ಮೇಸ್ತ್ರಿ ಒಬ್ಬನೂ ಇಲ್ಲ. ತೋಟದಲ್ಲಿ ಒಂದು ಸುತ್ತು ನಡೆದು ಬಂದವರೇ ಇಲ್ಲ."

ಅಪ್ಪ ಹಾಗೆ ಹೇಳುವುದಕ್ಕೆ ಕಾರಣ ಇತ್ತು. ಅವರೂ ಇಂಥದೇ ಪುಸ್ತಕ ಮಾಡಿದವರು. ಕೈಯಲ್ಲಿ, ಮೈದಾ ಅಂಟಿನಲ್ಲಿ.

ತುಂಬಿ ಮುಗಿದ ಚೆಕ್‌ರೋಲ್ ಪುಸ್ತಕಗಳ ರಟ್ಟು ಗಟ್ಟಿ. ಆ ರಟ್ಟಿನೊಳಗೆ ಖಾಲಿ ಹಾಳೆ ಹೊಲಿಸಿಕೊಂಡು ಅಪ್ಪ ಪೇಪರ್ ಕತ್ತರಿಸಿ ಅಂಟಿಸುತ್ತಿದ್ದರು. ಪ್ರಜಾವಾಣಿ, ಸುಧಾ, ಕಸ್ತೂರಿ, ಯಾವುದು ಸಿಕ್ಕರೆ ಅದು. ತೋಟದ ಬಂಗಲೆಗೆ ಪೇಪರ್ ಒಂದು ದಿನ ತಡವಾಗಿ ಬರುತ್ತಿತ್ತು. ಸಾಹುಕಾರರು ಓದಿ ಬಿಟ್ಟದ್ದು ರೈಟರ್ ಮನೆಗೆ. ಕಾಫಿಯ ಬಿಳಿ ಕಾಂಡಕೊರಕ, ಹಲ್ಮಿಡಿ ಶಾಸನ, ಹಾವು ಕಚ್ಚಿದರೆ ಏನು ಮಾಡಬೇಕು, ಸೂಯೆಜ್ ಕಾಲುವೆ, ಹಲಸಿನ ಬೀಜದ ಹೋಳಿಗೆ, ಎಲ್ಲ ಒಂದರ ಪಕ್ಕ ಒಂದು. ಒಟ್ಟು ಏಳು ಪುಸ್ತಕ. ಒಂದಕ್ಕೂ ಹೆಸರಿಲ್ಲ. ಆದರೆ ಒಂದೊಂದು ತುಣುಕಿನ ಕೆಳಗೂ ಪತ್ರಿಕೆಯ ಹೆಸರು, ತಾರೀಕು, ಬರೆದವರ ಹೆಸರು ಕೆಂಪು ಶಾಯಿಯಲ್ಲಿ ಇದೆ. ಬೇಡದ ಸಾಲುಗಳನ್ನು ಹೊಡೆದುಹಾಕಿದ್ದಾರೆ. ಕೆಲವು ಕಡೆ "ಇದು ನಮ್ಮ ತೋಟದಲ್ಲಿ ಆಗಲಿಲ್ಲ" ಅಂತ ಷರಾ ಕೂಡ. ಚಿಕ್ಕವನಿದ್ದಾಗ ನನಗೆ ಅವೇ ವಿಶ್ವಕೋಶ. ಸೂಯೆಜ್ ಕಾಲುವೆ ಅಂದರೆ ಈಗಲೂ ನನಗೆ ಹಲಸಿನ ಬೀಜದ ವಾಸನೆ ನೆನಪಾಗುತ್ತದೆ.

ಕತ್ತರಿಸಿ ಅಂಟಿಸುವುದು ಕೀಳು ಕೆಲಸ ಅಂತ ನನಗೆ ಅನ್ನಿಸದೆ ಇರುವುದಕ್ಕೆ ಇದೇ ಕಾರಣ ಇರಬೇಕು. ಕನ್ನಡದಲ್ಲಂತೂ ಇದು ಇವತ್ತಿನ ಚಾಳಿ ಅಲ್ಲ. ಸಾವಿರ ವರ್ಷದ ಹಿಂದೆ, 1025ರ ಸುಮಾರಿಗೆ, ಕಲ್ಯಾಣ ಚಾಲುಕ್ಯರ ಆಸ್ಥಾನದಲ್ಲಿದ್ದ ಚಾವುಂಡರಾಯ 'ಲೋಕೋಪಕಾರ' ಬರೆದ. ಅದರಲ್ಲಿ ಜ್ಯೋತಿಷ, ಮನೆ ಕಟ್ಟುವುದು, ಬಾವಿಗೆ ನೀರಿನ ಸೆಲೆ ಹುಡುಕುವುದು, ಗಿಡಮರದ ಆರೈಕೆ, ಸುಗಂಧ ಮಾಡುವುದು, ಅಡುಗೆ, ವಿಷಕ್ಕೆ ಮದ್ದು, ಶಕುನ, ಎಲ್ಲವೂ ಇದೆ. ಅಪ್ಪನ ಪುಸ್ತಕದಷ್ಟೇ ಕಲಸುಮೇಲೋಗರ. ಆದರೆ ಒಂದು ಸಂಸಾರಕ್ಕೆ ಏನೇನು ಗೊತ್ತಿರಬೇಕು ಅನ್ನುವ ಅಂದಾಜು ಅದರ ಹಿಂದೆ ಇದೆ. ಆಮೇಲೆ ಶಿವರಾಮ ಕಾರಂತರು ಒಬ್ಬರೇ ಕೂತು ಮಕ್ಕಳಿಗಾಗಿ ಮೂರು ಸಂಪುಟದ ಬಾಲ ಪ್ರಪಂಚ ಮಾಡಿದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟದ ಜ್ಞಾನಗಂಗೋತ್ರಿ ಬಂತು. ಇನ್ನು ನಮ್ಮ ಮೂಡಿಗೆರೆಯ ತೇಜಸ್ವಿಯವರ ಮಿಲೆನಿಯಂ ಸರಣಿ ಇದೆಯಲ್ಲ, ಹದಿನಾರು ಪುಸ್ತಕ, ಪೆಸಿಫಿಕ್ ದ್ವೀಪದಿಂದ ಮಹಾಯುದ್ಧದ ತನಕ. ಅವರು ಪೆಸಿಫಿಕ್‌ಗೆ ಹೋಗಿ ಬರೆದದ್ದಲ್ಲ. ಇಂಗ್ಲಿಷಿನಲ್ಲಿ ಓದಿದ್ದನ್ನು ಅರಗಿಸಿಕೊಂಡು, ಎದುರಿಗೆ ಒಬ್ಬ ಮಲೆನಾಡಿನ ಹುಡುಗ ಕೂತಿದ್ದಾನೆ ಅಂದುಕೊಂಡು ಹೇಳಿದ್ದು. ಅವನ್ನು ಓದಿದಾಗ ಯಾರೂ ನಕಲು ಅನ್ನಲಿಲ್ಲ. ಅನ್ನಬೇಕು ಅಂತ ಹೊಳೆಯಲೂ ಇಲ್ಲ.

ಹಾಗಂತ ವಿಕಿಪೀಡಿಯವನ್ನು ಅಚ್ಚು ಹಾಕಿದವರೆಲ್ಲ ನನಗೆ ಟೋಪಿ ಹಾಕಿದವರ ಹಾಗೇ ಅಂತಲ್ಲ. 2008ರಲ್ಲಿ ಜರ್ಮನಿಯಲ್ಲಿ ಬರ್ಟೆಲ್ಸ್‌ಮನ್ ಪ್ರಕಾಶನ ಜರ್ಮನ್ ವಿಕಿಪೀಡಿಯದ್ದೇ ಒಂದು ಸಂಪುಟ ತಂದಿತು. ಜನ ಜಾಸ್ತಿ ಹುಡುಕಿದ ವಿಷಯಗಳನ್ನು ನೋಡಿ ಸುಮಾರು 50,000 ನಮೂದು ಆರಿಸಿ, ಸಣ್ಣದು ಮಾಡಿ, 992 ಪುಟಕ್ಕೆ ಇಳಿಸಿದರು. ಬೆಲೆ ಇಪ್ಪತ್ತು ಯೂರೋ. ಪ್ರತಿಯೊಂದಕ್ಕೆ ಒಂದು ಯೂರೋ ವಿಕಿಪೀಡಿಯಕ್ಕೆ ಬೆಂಬಲವಾಗಿ ನಿಂತ ಅಲ್ಲಿನ ವಿಕಿಮೀಡಿಯ ಸಂಸ್ಥೆಗೆ. ಜರ್ಮನಿಯದೇ ಪೀಡಿಯಾಪ್ರೆಸ್ ಇನ್ನೊಂದು ಥರ. ಅವರದು ವಿಕಿಮೀಡಿಯ ಪ್ರತಿಷ್ಠಾನದ ಜೊತೆಗೇ ಒಪ್ಪಂದ. ವಿಕಿಪೀಡಿಯದ ಎಡಗಡೆ ಪಟ್ಟಿಯಲ್ಲೇ 'ಪುಸ್ತಕ ರಚಿಸಿ' ಅಂತ ಒಂದು ಗುಂಡಿ ಇರುತ್ತಿತ್ತು. ನಿಮಗೆ ಬೇಕಾದ ಲೇಖನ ನೀವೇ ಆರಿಸಿ, ಸಾಲಾಗಿ ಜೋಡಿಸಿ, ದುಡ್ಡು ಕಟ್ಟಿದರೆ ಅಚ್ಚು ಹಾಕಿ ಕಳಿಸುತ್ತಿದ್ದರು. ಅಲ್ಲಿ ಆರಿಸುವವನೇ ಓದುವವನು. ಜಗಳವೇ ಇಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ನ್ಯೂಯಾರ್ಕಿನ ಕಲಾವಿದ ಮೈಕೆಲ್ ಮ್ಯಾಂಡಿಬರ್ಗ್ ಮಾಡಿದ ಹುಚ್ಚು. 2015ರಲ್ಲಿ ಇಡೀ ಇಂಗ್ಲಿಷ್ ವಿಕಿಪೀಡಿಯವನ್ನು ಪುಸ್ತಕವಾಗಿ ಜೋಡಿಸುವ ಪ್ರೋಗ್ರಾಂ ಬರೆದರು. ಒಂದೊಂದು 700 ಪುಟದ 7,473 ಸಂಪುಟ ಆಯಿತು. ಅದರಲ್ಲಿ ವಿಷಯಸೂಚಿಯೇ 91 ಸಂಪುಟ! ನಿಜವಾಗಿ ಅಚ್ಚು ಹಾಕಿಸಿದ್ದು ನೂರು ಚಿಲ್ಲರೆ ಮಾತ್ರ. ಉಳಿದವುಗಳಲ್ಲಿ ಎಷ್ಟೋ ಸಂಪುಟಗಳ ಬೆನ್ನಿನ ಚಿತ್ರವನ್ನು ಗೋಡೆ ಕಾಗದದ ಮೇಲೆ ಅಚ್ಚು ಹಾಕಿ ಗ್ಯಾಲರಿಯ ಗೋಡೆಗೆ ಅಂಟಿಸಿದರು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. "ಹೆಸರಿನ ಪಟ್ಟಿ?" ಇದೆ ಅಪ್ಪ ಅಂದೆ. ಎಪ್ಪತ್ತೈದು ಲಕ್ಷ ಜನರ ಹೆಸರು, ಅದಕ್ಕೇ 36 ಸಂಪುಟ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ತೋಟಕ್ಕೆ ರೈಟರ್ ಆಗೋದು ಕಷ್ಟ" ಅಂದರು.

ಅದರ ಮುಂದಿನ ವರ್ಷ ಅಪ್ಪನಿಗೆ ಎಪ್ಪತ್ತೈದು. ಈ ಸಲ ಪುಸ್ತಕ ನಾನೇ ಮಾಡುತ್ತೇನೆ ಅಂದುಕೊಂಡೆ. ಏನೇನು ಬೇಕು ಹೇಳಿ ಅಂದದ್ದಕ್ಕೆ ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಬರೆದುಕೊಟ್ಟರು. ಆ ಪಟ್ಟಿ ಇನ್ನೂ ಇದೆ. ಕಾಟಿ. ಯೆಮೆನ್. ಹೇಮಾವತಿ ನದಿ. ಗಾಜು ಮಾಡುವುದು. ಬ್ರೆಜಿಲ್. ಕುಂಬಳಕಾಯಿಯ ಮೂಲ ಯಾವ ದೇಶ. ಹೊಯ್ಸಳರು. ಮಳೆ ಮಾಪಕ ಕಂಡುಹಿಡಿದವರು ಯಾರು.

ಬ್ರೆಜಿಲ್ ಯಾಕೆ ಅಂತ ಕೇಳಿದೆ. ನಕ್ಕರು. "ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ನಮ್ಮ ಸಾಹುಕಾರರ ಮುಖದಲ್ಲಿ ಬಿಸಿಲು" ಅಂದರು. 1975ರ ಜುಲೈನಲ್ಲಿ ಅಲ್ಲಿನ ಪರಾನಾ ಕಡೆ ಒಂದು ರಾತ್ರಿಯ ಹಿಮಕ್ಕೆ ಕಾಫಿ ಗಿಡಗಳು ಕಪ್ಪಾಗಿ ಹೋದವು. ಲೋಕದಲ್ಲೆಲ್ಲ ಕಾಫಿ ಬೆಲೆ ಏರಿತು. 1994ರಲ್ಲಿ ಮತ್ತೆ ಹಾಗೇ ಆಯಿತು. ಆ ಹೊತ್ತಿಗೆ ಇಲ್ಲಿ ಬೆಳೆಯೆಲ್ಲವನ್ನೂ ಕಾಫಿ ಬೋರ್ಡಿಗೇ ಕೊಡಬೇಕು ಅನ್ನುವ ನಿಯಮ ಸಡಿಲವಾಗುತ್ತಿತ್ತು. ಬೆಳೆಗಾರರ ಕೈಗೆ ನೇರ ದುಡ್ಡು ಬಂತು. ಚಿಕ್ಕಮಗಳೂರಿನ ರಸ್ತೆಗಳಲ್ಲಿ ಹೊಸ ಕಾರು ಕಂಡವು. ಮೂವತ್ತೊಂದು ವರ್ಷ ಅಪ್ಪನ ಬದುಕನ್ನು ಅಷ್ಟು ದೂರದಿಂದ ಅಲ್ಲಾಡಿಸಿದ ದೇಶ ಅದು. ಅದು ಹೇಗಿದೆ ಅಂತ ಅವರು ಒಮ್ಮೆಯೂ ಓದಿರಲಿಲ್ಲ.

ಕನ್ನಡದಲ್ಲೇ ಮಾಡೋಣ ಅಂತ ಹೊರಟೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಒಳಗೆ ಇಳಿದಾಗ ಗೊತ್ತಾಯಿತು, ಅದೂ ಒಂದು ತೋಟ. ಒಂದು ಕಡೆ ಹುಲುಸಾಗಿ ಬೆಳೆದಿದೆ, ಇನ್ನೊಂದು ಕಡೆ ಬರೀ ಕಳೆ. ಕೆಲವು ಲೇಖನ ಎರಡೇ ಸಾಲು. ಕೆಲವು ಮೈಲುದ್ದ, ಆದರೆ ಓದಿದರೆ ತಲೆಗೆ ಹತ್ತುವುದಿಲ್ಲ. 2009, 2010ರ ಸುಮಾರಿಗೆ ಒಂದು ದೊಡ್ಡ ಕಂಪನಿ ಅನುವಾದದ ಸಲಕರಣೆ ಕೊಟ್ಟು, ಕೂಲಿಗೆ ಜನ ಹಿಡಿದು, ಇಂಗ್ಲಿಷ್ ಲೇಖನಗಳನ್ನು ಕನ್ನಡ, ತಮಿಳು, ತೆಲುಗಿಗೆ ಸುರಿಸಿತ್ತು. ಅವುಗಳ ಪಳೆಯುಳಿಕೆ ಇವು. ಪದ ಎಲ್ಲ ಕನ್ನಡದ್ದೇ, ವಾಕ್ಯ ಮಾತ್ರ ಯಾವ ಊರಿನದೂ ಅಲ್ಲ. ಅಲ್ಲಿ ಬಟವಾಡೆ ಆಗಿತ್ತು ನೋಡಿ. ಆದರೂ ಮೇಸ್ತ್ರಿ ಇರಲಿಲ್ಲ.

ಅದೃಷ್ಟಕ್ಕೆ ಇನ್ನೊಂದು ಬಾಗಿಲು ತೆರೆದಿತ್ತು. ಮೈಸೂರು ವಿಶ್ವವಿದ್ಯಾಲಯದವರು 1960ರ ದಶಕದಿಂದ ಕಟ್ಟಿಕೊಂಡು ಬಂದ ಹದಿನಾಲ್ಕು ಸಂಪುಟದ ಕನ್ನಡ ವಿಶ್ವಕೋಶ ಇದೆಯಲ್ಲ, ಅದರ ಆರು ಸಂಪುಟಗಳನ್ನು 2014ರಲ್ಲಿ ಇದೇ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದರು. ಅದರ ಬರಹ ಸ್ವಲ್ಪ ಬಿಗಿ, ಅಂಕಿಅಂಶ ಹಳೆಯದು, ಕೆಲವು ದೇಶಗಳೇ ಈಗ ಇಲ್ಲ. ಆದರೆ ಒಂದೊಂದು ನಮೂದನ್ನೂ ಆ ವಿಷಯ ಬಲ್ಲವರು ಬರೆದಿದ್ದಾರೆ, ಇನ್ನೊಬ್ಬರು ತಿದ್ದಿದ್ದಾರೆ ಅನ್ನುವುದು ನಾಲ್ಕು ಸಾಲಿಗೇ ಗೊತ್ತಾಗುತ್ತದೆ. ಅಲ್ಲಿಂದ ಸ್ವಲ್ಪ, ವಿಕಿಪೀಡಿಯದಿಂದ ಸ್ವಲ್ಪ, ಇಂಗ್ಲಿಷಿನಿಂದ ನಾನೇ ಕನ್ನಡ ಮಾಡಿದ್ದು ಸ್ವಲ್ಪ. ಎರಡು ತಿಂಗಳು ಹಿಡಿಯಿತು. ಮೂರು ದಿನದ ಕೆಲಸ ಅಂದುಕೊಂಡಿದ್ದೆ.

ಯಾಕೆ ಅಷ್ಟು ಹಿಡಿಯಿತು ಅಂದರೆ, ಓದಬೇಕಾಯಿತು. ಕಾಟಿಯ ಲೇಖನದಲ್ಲಿ ಕಾಟಿ ಅನ್ನುವ ಪದವೇ ಇರಲಿಲ್ಲ. ಕಾಡೆಮ್ಮೆ, ಕಾಡುಕೋಣ ಅಂತಿತ್ತು. ಎಲ್ಲ ಕಡೆ ತಿದ್ದಿದೆ. ಯೆಮೆನ್‌ನಲ್ಲಿ ಮೋಚಾ ಎಲ್ಲಿದೆ ಅಂತ ನಕ್ಷೆ ಹಾಕಿದೆ. ಬೇಲೂರಿನ ಗುಡಿ 1117ರಲ್ಲಿ ಅಂತ ಒಂದು ಕಡೆ ಬಂದಮೇಲೆ ಮತ್ತೆ ಮತ್ತೆ ಬರುವುದನ್ನು ತೆಗೆದೆ. ಏಳು ಬೀಜದ ಕತೆ ಒಂದೇ ಸಲ ಇಟ್ಟೆ. ಎಲ್ಲಿ ಇಡುವುದು ಅಂತಲೇ ಒಂದು ಸಂಜೆ ಯೋಚಿಸಿದೆ. ಕೊನೆಗೆ ಯೆಮೆನ್‌ನಲ್ಲಿ ಇಟ್ಟೆ, ಗಿರಿಯಲ್ಲಲ್ಲ. ಅಪ್ಪ ಅದನ್ನು ಅಲ್ಲಿ ನಿರೀಕ್ಷಿಸಿರುವುದಿಲ್ಲ ಅಂತ.

ಎಂ.ಜಿ. ರಸ್ತೆಯ ಹಿಂದಿನ ಒಂದು ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಹಿಡಿದುಕೊಂಡು ಹೋದೆ. ಅವರ ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಒತ್ತಕ್ಷರ ಎಲ್ಲ ಕಳಚಿ ಬಿದ್ದವು. ಹೊಯ್ಸಳದ ಸ ಎಲ್ಲೋ, ಯ ಎಲ್ಲೋ. ಚಿಕ್ಕಮಗಳೂರಿನ ಕ ವತ್ತು ಪಕ್ಕದ ಅಕ್ಷರದ ಮೇಲೆ ಹತ್ತಿ ಕೂತಿತ್ತು. ಫಾಂಟ್ ಗಲಾಟೆ, ಕನ್ನಡದಲ್ಲಿ ಕಂಪ್ಯೂಟರ್ ಮುಟ್ಟಿದವರಿಗೆಲ್ಲ ಪರಿಚಯ ಇರುವುದೇ. ಮನೆಗೆ ಹೋಗಿ ಪಿಡಿಎಫ್ ಮಾಡಿಕೊಂಡು ಬಂದೆ. ನೂರ ಎಂಬತ್ತು ಪುಟ, ಎರಡೂ ಬದಿ ಅಚ್ಚು, ಸ್ಪೈರಲ್ ಬೈಂಡಿಂಗ್, ಮೇಲೆ ಪ್ಲಾಸ್ಟಿಕ್ ಹಾಳೆ. ಇನ್ನೂರ ಎಪ್ಪತ್ತು ರೂಪಾಯಿ. ಸರಿಯಾಗಿ ಹತ್ತರಲ್ಲಿ ಒಂದು ಪಾಲು! ಬೇಕಂತ ಆದದ್ದಲ್ಲ.

ಕೊನೆಯಲ್ಲಿ ಹೆಸರಿನ ಪಟ್ಟಿ ಹಾಕಿದ್ದೆ. ಪರವಾನಗಿಗೆ ಹೆದರಿ ಅಲ್ಲ, ಅಪ್ಪ ಅಲ್ಲಿಂದಲೇ ಶುರು ಮಾಡುತ್ತಾರೆ ಅಂತ ಗೊತ್ತಿತ್ತು. ಅಕ್ಷರ ಮಾತ್ರ ದೊಡ್ಡದು. ಅಪ್ಪ ಎಲ್ಲ ಹೆಸರಿಗೂ ಒಂದೊಂದು ಟಿಕ್ ಹಾಕಿಕೊಂಡು ಬಂದರು. ಕೊನೆಯಲ್ಲಿ ನನ್ನ ಹೆಸರು ಇಲ್ಲದ್ದು ನೋಡಿ ಕೆಂಪು ಶಾಯಿಯಲ್ಲಿ ಸೇರಿಸಿದರು. ಪಕ್ಕದಲ್ಲಿ 'ಎರಡು ತಿಂಗಳು, ಅರ್ಧ ಹಾಜರಿ' ಅಂತ ಬರೆದರು.

ಆಮೇಲೆ ಒಂದು ಸಂಗತಿ ಆಯಿತು. ಪುಸ್ತಕ ಓದಿದ ಹುಮ್ಮಸ್ಸಿನಲ್ಲಿ ಅಪ್ಪ ತಮ್ಮ ಮಳೆ ಡೈರಿಗಳನ್ನು ಅಟ್ಟದಿಂದ ಇಳಿಸಿದರು. 1968ರಿಂದ 1999. ತೋಟಕ್ಕೆ ಕೊಡುವ ಲೆಕ್ಕ ಬೇರೆ, ಇದು ತಮಗಾಗಿ ಇಳಿಸಿಕೊಂಡದ್ದು. ಹೂಮಳೆ ಯಾವ ದಿನ, ಎಷ್ಟು ಸೆಂಟ್, ಎಷ್ಟನೇ ದಿನಕ್ಕೆ ಹೂ ಅರಳಿತು, ಅದರ ಬೆನ್ನಿಗೆ ಬರಬೇಕಾದ ಮಳೆ ಬಂತೋ ಕೈಕೊಟ್ಟಿತೋ, ಎಲ್ಲ ಇದೆ. ಕಾಫಿಗೆ ಈ ಎರಡು ಮಳೆಯೇ ಪ್ರಾಣ. ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಇಂಚು ಬಿದ್ದರೆ ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುತ್ತದೆ. ಮತ್ತೆ ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬರದಿದ್ದರೆ ಕಾಯಿ ನಿಲ್ಲುವುದಿಲ್ಲ. "ಇದನ್ನು ನಿನ್ನ ವಿಕಿಪೀಡಿಯಕ್ಕೆ ಹಾಕು" ಅಂದರು.

ಹಾಕಿದೆ. ಒಂದು ಸಂಜೆ ಕೂತು, ನಮ್ಮ ಕಡೆಯ ಹೂಮಳೆಯ ಬಗ್ಗೆ ನಾಲ್ಕು ಸಾಲು. ಮಾರನೇ ದಿನ ನೋಡಿದರೆ ಯಾರೋ ತೆಗೆದಿದ್ದರು. ಕಾರಣವನ್ನೂ ಬರೆದಿದ್ದರು, ಆಧಾರ ಇಲ್ಲ ಅಂತ. ಅವರ ತಪ್ಪಲ್ಲ. ಸ್ವಂತ ಲೆಕ್ಕ, ಸ್ವಂತ ಸಂಶೋಧನೆ ಹಾಕುವ ಹಾಗಿಲ್ಲ, ಎಲ್ಲಾದರೂ ಪ್ರಕಟವಾಗಿರಬೇಕು ಅನ್ನುವುದು ಅಲ್ಲಿನ ಮೂಲ ನಿಯಮ. ಆ ನಿಯಮ ಇಲ್ಲದಿದ್ದರೆ ಯಾರ್ಯಾರ ಕನಸೆಲ್ಲ ವಿಶ್ವಕೋಶ ಆಗುತ್ತಿತ್ತು.

ಇದರಲ್ಲಿ ಒಂದು ವಿಚಿತ್ರ ಇದೆ. ನಾನು ದುಡ್ಡು ಕೊಟ್ಟು ತರಿಸಿದ ಆ ತೆಂಗಿನ ಮರದ ಪುಸ್ತಕ ನೋಡುವುದಕ್ಕೆ ಸಾಕ್ಷಾತ್ ಪ್ರಕಟಿತ ಪುಸ್ತಕ. ಅದಕ್ಕೆ ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ಸಂಖ್ಯೆ ಇದೆ, ಸಂಪಾದಕರಿದ್ದಾರೆ, ಬೆಲೆ ಇದೆ. ಇಂಥ ಪುಸ್ತಕಗಳನ್ನೇ ಆಧಾರ ಅಂತ ತೋರಿಸಿ ವಿಕಿಪೀಡಿಯಕ್ಕೆ ಮಾಹಿತಿ ಸೇರಿಸಿದವರೂ ಇದ್ದಾರೆ. ವಿಕಿಪೀಡಿಯದ ಮಾತಿಗೆ ವಿಕಿಪೀಡಿಯವೇ ಸಾಕ್ಷಿ. ಹಿಡಿದು ಹಿಡಿದು ಅಳಿಸುವುದೇ ಅಲ್ಲಿನವರಿಗೆ ಒಂದು ಕೆಲಸ. ಮಳೆಯಲ್ಲಿ ನೆನೆದುಕೊಂಡು ಬರೆದ ಡೈರಿಗೆ ಮಾತ್ರ ಒಳಗೆ ಜಾಗವಿಲ್ಲ. ನಿಯಮ ಸರಿ ಅಂತ ಒಪ್ಪಿಕೊಂಡೂ ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಪ್ಪನಿಗೆ ಹೇಳಲು ಹಿಂಜರಿದೆ. ಹೇಳಿದಾಗ ಅವರು ಬೇಜಾರೇನೂ ಮಾಡಿಕೊಳ್ಳಲಿಲ್ಲ. "ಲೆಕ್ಕ ತಪಾಸಣೆ ಆಗದ ಚೆಕ್‌ರೋಲ್ ಒಪ್ಪಬಾರದು. ಸರಿಯಾಗೇ ಮಾಡಿದ್ದಾರೆ" ಅಂದರು. ಆಮೇಲೆ ಸ್ಪೈರಲ್ ಪುಸ್ತಕ ತೆಗೆದುಕೊಂಡು, ಮಳೆ ಮಾಪಕದ ಲೇಖನದ ಹಿಂದೆ ಡೈರಿಯ ಲೆಕ್ಕ ಸೇರಿಸಿ ಇನ್ನೊಂದು ಸಲ ಮಾಡಿಸಿಕೊಂಡು ಬಾ ಅಂತ ಕೊಟ್ಟರು.

ಮೂವತ್ತೊಂದು ವರ್ಷದ ಮಳೆ ಟೈಪ್ ಮಾಡಿದೆ. ಹದಿನಾಲ್ಕು ಪುಟ ಬಂತು. ಅದೇ ಜೆರಾಕ್ಸ್ ಅಂಗಡಿ. ಹುಡುಗ ಪುಟ ಎಣಿಸುತ್ತಾ, "ಕೊನೆಗೆ ಹತ್ತು ಖಾಲಿ ಹಾಳೆ ಇದೆಯಲ್ಲ ಸಾರ್, ತೆಗೆದುಬಿಡಲಾ?" ಅಂದ.

ಬೇಡ ಅಂದೆ. ಅಪ್ಪನೇ ಇಡಿಸಿದ್ದು. ನಿವೃತ್ತಿಯಾದ ಮೇಲೆ ಮನೆಯ ತಾರಸಿ ಮೇಲೂ ಒಂದು ಮಾಪಕ ಇಟ್ಟುಕೊಂಡಿದ್ದಾರೆ. ಆವತ್ತು ಬೆಳಗ್ಗೆ ನಲವತ್ತೆರಡು ಸೆಂಟ್ ಬಿದ್ದಿತ್ತು.